ಅವ್ವನ ಸೀರೆಯ ಮಾಸ್ಕು

ಗೆಳತಿ ಭಾಗ್ಯಶ್ರೀ,

ಕೊರೊನಾದಲ್ಲಿ ಹೋದ ನಮ್ಮವ್ವನ ಸೀರೆ ಕತ್ತರಿಸಿ ನಿನ್ನ ಮಗಳು ಅಕ್ಷತಾಗೂ ನನ್ನ ಮಗಳು ಲುಂಬಿನಿಗೂ ಮಾಸ್ಕು ಹೊಲಿದೆ. "ಸಾಲಿ ಮೀಟಿಂಗ್‌ದಾಗ ಇಬ್ಬರೂ ಕೂಡೇ ಕೈ ಎತ್ತೋಣು" ಎಂದವಳು ನೀನೇ. ಕ್ಲಾಸಿನಲ್ಲಿ ಮಕ್ಕಳಿಗೆ ಮಾಸ್ಕು ಬೇಕೆನ್ನುವವರು ಯಾರೆಂದು ಹೆಡ್‌ಮಾಸ್ತರರು ಕೇಳಿದಾಗ ನಾನೊಬ್ಬಳೇ ಕೈ ಎತ್ತಿದೆ. ಮಂದಿ ನಕ್ಕರು. ಅದನ್ನು ನೋಡಿ ನೀನು, "ಮಕ್ಕಳಿಗಿ ಉಸುರು ಕಟ್ತದರಿ ಸರ್, ಬ್ಯಾಡ್ರಿ" ಎಂದುಬಿಟ್ಟೆ. ಅಂದಿನಿಂದ ನಮ್ಮೂರು ವಾಡಿಯ ಬಜಾರಿನಲ್ಲಿ ಎದುರಾದರೂ ಮುಖ ತಿರುಗಿಸುತ್ತೀಯ.

ಇವತ್ತು ಲುಂಬಿನಿಯ ಚೀಲದಲ್ಲಿ ಎರಡು ಮಾಸ್ಕುಗಳಿದ್ದವು. ಅಕ್ಷತಾ ದಿನಾ ಕ್ಲಾಸಿನಲ್ಲಿ ಹಾಕಿಕೊಂಡು, ಶಾಲೆ ಬಿಟ್ಟಾಗ ಇವಳ ಕೈಗೆ ಕೊಡುತ್ತಾಳಂತೆ. "ನಮ್ಮವ್ವಗ ಹೇಳಬ್ಯಾಡ್ರಿ ಚಿಗವ್ವಾ" ಎಂದು, ನನ್ನನ್ನು ಇನ್ನೂ ಚಿಕ್ಕಮ್ಮನೆಂದೇ ಕರೆದು, ಹೇಳಿಕಳಿಸಿದ್ದಾಳೆ. ಆಗಲಿ ಎಂದೆ.

ಎರಡನ್ನೂ ತೊಳೆದು, ದಾರಿಯಲ್ಲಿ ಹೋಗುವ ನಿನ್ನ ಕಣ್ಣಿಗೆ ಬೀಳದಂತೆ ಒಳಗೇ ಒಣಹಾಕಿದ್ದೇನೆ. ಈ ಕಾಗದವನ್ನೂ ಅದಕ್ಕೇ ಕಳಿಸುವುದಿಲ್ಲ. ನಿನ್ನ ಮಗಳಿಗೆ ಮಾತು ಕೊಟ್ಟಿದ್ದೇನೆ, ಭಾಗ್ಯಾ. ಕೊಟ್ಟ ಮೇಲೆ ತಪ್ಪುವುದು ನನಗೆ ಬರುವುದಿಲ್ಲ.