ಅಪ್ಪನ ಎಡಗಡೆಯ ಕಡಲು

ಓಶಿರೋ ದ್ವೀಪ, ಸೆತೊ ಒಳಗಡಲು
ಮೇ ೪, ಸಂಜೆ

ಪ್ರೀತಿಯ ಅಮ್ಮ,

ಫೋನಿನಲ್ಲಿ ಮುಗಿಯಬಹುದಾಗಿದ್ದ ವಿಷಯಕ್ಕೆ ಕಾಗದ ಬರೆದು ನಿನ್ನನ್ನು ಗಾಬರಿಪಡಿಸುತ್ತಿದ್ದೇನೆ, ಸಾರಿ. ಅಪ್ಪನ ದೋಣಿಯ ಒಳಕೋಣೆ ನನ್ನ ಹಾಸ್ಟೆಲಿನ ಬೀರುವಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಫೋನಿನಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರೂ ಅಪ್ಪನಿಗೆ ಕೇಳುತ್ತದೆ. ಅವರು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು ಇಂಗ್ಲಿಷ್ ಅವರಿಗೆ ಬರುತ್ತದೆ ಅನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನೀನು ಕೇಳಿದ್ದು ಒಂದೇ ಪ್ರಶ್ನೆ. ತಿಂಗಳ ಕೊನೆಗೆ ಅಪ್ಪ ಒಬ್ಬರೇ ಕ್ಯುಶು ದ್ವೀಪದವರೆಗೆ ಹಾಯಿದೋಣಿಯಲ್ಲಿ ಹೋಗುತ್ತಾರಂತೆ, ಬಿಡಬಹುದೇ? ರಜೆಯಲ್ಲಿ ಒಂದು ದಿನ ಜೊತೆಗೆ ಹೋಗಿ ನೋಡು ಅಂದೆ. ನೋಡಿ ಹೇಳುವುದಕ್ಕೆ ನಾನು ಯಾರಮ್ಮ? ನೀವಿಬ್ಬರೂ ಬೇರೆಯಾದಾಗಿನಿಂದ ಇಂಗ್ಲೆಂಡಿನ ಹಾಸ್ಟೆಲಿನಲ್ಲೇ ಬೆಳೆದವಳು. ಇಲ್ಲಿ ಜಪಾನಿನಲ್ಲಿ ಕಾಲೇಜು ಸೇರಿ ತಿಂಗಳಾದರೂ, ಕ್ಯಾಂಟೀನಿನಲ್ಲಿ ಖಾಲಿ ತಟ್ಟೆ ಎಲ್ಲಿಡಬೇಕೆಂದು ಕೇಳಲು ಮನಸ್ಸಿನಲ್ಲೇ ವಾಕ್ಯವನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸುತ್ತೇನೆ.

ಬೆಳಿಗ್ಗೆ ಕಡಲಿನ ಸೆಳೆತ ನಾವು ಹೋಗುವ ದಿಕ್ಕಿಗೆ ತಿರುಗಿದ ಕೂಡಲೇ ಕುರೆ ಬಂದರಿನಿಂದ ಹೊರಟೆವು. ಅಪ್ಪ ಚುಕ್ಕಾಣಿ ಹಿಡಿದು, ನಕ್ಷೆಯನ್ನು ನನ್ನ ಮಡಿಲಿಗೆ ಹಾಕಿದರು. "ಆಳದ ಅಂಕಿ ಜೋರಾಗಿ ಓದ್ತಾ ಇರು. ನಿನ್ನ ಜಪಾನಿ ಭಾಷೆನೂ ಸುಧಾರಿಸುತ್ತೆ."

"ಅಂಕಿ ಓದೋಕೆ ಯಾವ ಭಾಷೆ ಬೇಕಪ್ಪ?" ಅಂದೆ. ನಕ್ಕರು. ನನಗೆ ಪಾಠ ಹೇಳಿಕೊಡುತ್ತಿದ್ದಾರೆಂದು ಎಷ್ಟು ಖುಷಿಯಾಗಿತ್ತು ಗೊತ್ತಾ.

ಅನ್ನದುಂಡೆಯ ಪೊಟ್ಟಣ ಬಿಚ್ಚುತ್ತಿದ್ದಾಗ ತಲೆಯೆತ್ತಿದರೆ, ಎಡಗಡೆ ಸಿಂಪಿ ಸಾಕುವ ಬಿದಿರಿನ ತೆಪ್ಪ ಮೈಮೇಲೇ ಬಂದಿತ್ತು. ಕಿರುಚಿದೆ, ಇಂಗ್ಲಿಷಿನಲ್ಲೇ. ಅಪ್ಪ ಚುಕ್ಕಾಣಿ ತಳ್ಳಿದರು. ಬಿದಿರು ದೋಣಿಯ ಪಕ್ಕೆಯನ್ನು ಉದ್ದಕ್ಕೂ ಕೆರೆಯಿತು. "ವರ್ಷಕ್ಕೊಂದು ಕಡೆ ತೆಪ್ಪ ಇಡ್ತಾರೆ ಈ ಜನ," ಎಂದು ಗೊಣಗಿದರು. ಹೌದು ಹೌದು ಅಂದೆ. ನಂಬುವುದು ಸುಲಭವಾಗಿತ್ತು.

ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದಿತು. ನಾವು ತಂಗಬೇಕೆಂದಿದ್ದ ಕೊಲ್ಲಿ ಪಶ್ಚಿಮಕ್ಕೇ ಬಾಯಿ ತೆರೆದುಕೊಂಡಿದೆ. ಅಲ್ಲಿ ಲಂಗರು ಹಾಕಿದರೆ ರಾತ್ರಿಯಿಡೀ ಅಲೆಗಳ ಜೊತೆ ಜಗಳ. ನಾನು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಅಪ್ಪ ಮಾತ್ರ ಅಲುಗಲಿಲ್ಲ. ಗಾಳಿ ತಾಗದ ಹಾಗೆ ದ್ವೀಪದ ಹಿಂಬದಿಗೆ ಹೋಗೋಣ ಅಂದರು. ಹಾಯಿ ಅರ್ಧ ಇಳಿಸಿದ್ದು, ಸೆಳೆತ ಎದುರಾಗುವ ಮುನ್ನ ಇಕ್ಕಟ್ಟಾದ ಕಾಲುವೆ ದಾಟಿಸಿದ್ದು, ಎಲ್ಲ ಕೈಯ ಅಂದಾಜಿನಲ್ಲೇ. ಕೆನ್ನೆಗೆ ತಾಗುವ ಗಾಳಿಯಿಂದಲೇ ಅವರಿಗೆ ಎಷ್ಟೋ ತಿಳಿಯುತ್ತದೆ. ಇದನ್ನೂ ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ.

ಗುಡ್ಡದ ಮರೆಯಲ್ಲಿ ಮೀನುಗಾರರ ಪುಟ್ಟ ಬಂದರು. ಇಲ್ಲಿ ದೋಣಿ ಕಟ್ಟುವ ರೀತಿ ನಿನಗೆ ನೆನಪಿದೆಯೇ? ದೂರದಲ್ಲೇ ಹಿಂಬದಿಯಿಂದ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತ ಬಂದು, ದೋಣಿಯ ಮೂತಿಯನ್ನು ಧಕ್ಕೆಯ ಕಲ್ಲುಕಟ್ಟೆಗೆ ಕಟ್ಟಬೇಕು. ಪಕ್ಕದ ದೋಣಿಯ ಲಂಗರಿನ ಹಗ್ಗ ನೀರಿನಡಿ ಎಲ್ಲಿದೆಯೆಂದು ಮೇಲೆ ತೇಲುವ ಬೆಂಡೇ ಹೇಳುತ್ತದೆ. ಅದರಾಚೆ ಲಂಗರು ಹಾಕಿದರೆ ನಮ್ಮ ಹಗ್ಗ ಅವರದರ ಮೇಲೆ ಬಿದ್ದು, ಬೆಳಗಿನ ಜಾವ ಮೀನಿಗೆ ಹೊರಡುವವರು ಸಿಕ್ಕಿಬೀಳುತ್ತಾರೆ.

ಎಡಗಡೆ ದೊಡ್ಡದೊಂದು ಹಳದಿ ಬೆಂಡು ತೇಲುತ್ತಿತ್ತು. ಅಪ್ಪ ಅದರಾಚೆಗೇ ಲಂಗರು ಬಿಟ್ಟರು.

ಧಕ್ಕೆಯ ಮೇಲೆ ಬಲೆ ಹೊಲಿಯುತ್ತಿದ್ದ ಅಜ್ಜಿಯೊಬ್ಬಳು ಎದ್ದು ನಿಂತಳು. "ಏ ಅಣ್ಣಾ! ನನ್ನ ಹಗ್ಗದ ಮೇಲೆ ಹಾಸಿಗೆ ಹಾಸ್ತಿದ್ದೀರಲ್ಲ! ನಾಳೆ ಮೀನು ನೀವು ಹಿಡ್ಕೊಡ್ತೀರಾ?"

"ತಪ್ಪಾಯ್ತು, ಬಿಸಿಲು ಕಣ್ಣಿಗೆ ಹೊಡೀತು," ಅಂದರು ಅಪ್ಪ.

"ಬಿಸಿಲಾ? ಸೂರ್ಯ ಗುಡ್ಡದ ಹಿಂದೆ ಹೋಗಿ ಎಷ್ಟೊತ್ತಾಯ್ತು! ನಿಮ್ಮೂರಲ್ಲಿ ಬೇರೆ ಸೂರ್ಯ ಇದಾನೇನು?"

ನಗುತ್ತಲೇ ಅಂದವಳು, ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

"ಶಿಹೊ, ಬೆಂಡು ಎಲ್ಲಿದೆ?" ಎಂದು ಅಪ್ಪ ಮೆಲ್ಲಗೆ ಕೇಳಿದರು. ಇಲ್ಲೇ, ಎಡಗಡೆ ಅಂದೆ. ಇಡೀ ಮೈ ತಿರುಗಿಸಿ ನೋಡಿದರು. "ಆ ಕಡೆ ಚಳಿಗಾಲದಿಂದ ಏನೂ ಕಾಣಲ್ಲ ಕಣೇ," ಅಂದರು. ಆಮೇಲೆ, "ಬಾ, ನೀನು ನಡೆಸು. ಲಂಗರು ನಾನು ಎತ್ತುತ್ತೀನಿ."

ಹೋಗಿ ಚುಕ್ಕಾಣಿ ಹಿಡಿದೆ. ಅಜ್ಜಿ ಧಕ್ಕೆಯಿಂದಲೇ ಕೈ ಬೀಸುತ್ತಿದ್ದಳು. "ಬಲಕ್ಕೆ ಮರಿ, ಇನ್ನೂ ಬಲಕ್ಕೆ! ಮದುಮಗಳ ನಡಿಗೆ ಬೇಡ, ಸ್ವಲ್ಪ ಜೋರಾಗಿ ಬಾ! ಅಯ್ಯೋ, ಅಷ್ಟು ಜೋರಲ್ಲ!" ಒಮ್ಮೆ ಧಕ್ಕೆಯ ಕಲ್ಲಿಗೆ ಗುದ್ದಿಸಿದೆ, ಒಮ್ಮೆ ಲಂಗರು ನೆಲ ಹಿಡಿಯದೆ ಜಾರಿತು. ಮೂರನೆಯ ಸಲ ನಿಂತಿತು. ಅಪ್ಪ ಧಕ್ಕೆಗಿಳಿದು ಅಜ್ಜಿಗೆ ಸೊಂಟ ಬಗ್ಗಿಸಿ ವಂದಿಸಿದರು. ಅವಳು ಸ್ವಲ್ಪ ಹೊತ್ತಿಗೆ ಬೇಯಿಸಿದ ಮೀನು ತಂದುಕೊಟ್ಟು, "ನಡೆಸೋಕೆ ಬರಲ್ಲ ನಿಮ್ಮ ಹುಡುಗಿಗೆ. ಆದ್ರೆ ಹೇಳಿದ್ದು ಕೇಳ್ತಾಳೆ. ನೀವೂ ಕೇಳಿ," ಅಂದು ಹೋದಳು.

ನಿನ್ನ ಪ್ರಶ್ನೆಗೆ ಉತ್ತರ ಇದು: ಅವರನ್ನು ಒಬ್ಬರನ್ನೇ ಬಿಡಬಾರದು. ಇಷ್ಟು ಬರೆಯಲು ಎಷ್ಟು ಕಷ್ಟವಾಯಿತೆಂದರೆ, ನಡುವೆ ಎರಡು ಸಲ ಪೆನ್ನು ಕೆಳಗಿಟ್ಟೆ. ಊರಿಗೆ ಮರಳಿದ ಮೇಲೆ ಕಣ್ಣಿನ ಆಸ್ಪತ್ರೆಗೆ ಬರುತ್ತೇನೆಂದು ಒಪ್ಪಿದ್ದಾರೆ. ನಾಳೆ ಹಿಂದಿರುಗುವಾಗ ನಾನು ಅವರ ಎಡಗಡೆ ಕೂರುತ್ತೇನೆ.

ನಿನ್ನ,
ಶಿಹೊ

ಮತ್ತೊಂದು ಮಾತು: ಬೆನ್ನ ಹಿಂದೆ ಬರೆದೆನೆಂಬ ಭಾವನೆ ಕಾಡಿ, ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಕಣ್ಣಿನ ಬಗ್ಗೆ ಬರೆದದ್ದನ್ನು ಹಾಗೇ ಬಿಟ್ಟರು. ಲಂಗರು ನಿಂತದ್ದು ಮೂರನೆಯ ಸಲವಲ್ಲ, ನಾಲ್ಕನೆಯ ಸಲ ಎಂದು ಮಾತ್ರ ತಿದ್ದಿದರು. ನನ್ನ ಸಹಿಗಿಂತ ಮೇಲೆ ಗೀಚಿಹಾಕಿರುವ ಸಾಲಿದೆಯಲ್ಲ, ಅಲ್ಲಿ "ನನ್ನನ್ನು ನೋಡಲು ನೀನು ಬರಬೇಕಾಗಿಲ್ಲ ಅನ್ನುತ್ತಾರೆ ಅಪ್ಪ" ಎಂದಿತ್ತು. ಅದನ್ನು ಹೊಡೆದುಹಾಕು ಅಂದವರು ಅವರೇ. ಅದರ ಬದಲು ಏನು ಬರೆಯಲಿ ಎಂದು ಕೇಳಿದರೆ, ಹಗ್ಗ ನೋಡಿ ಬರ್ತೀನಿ ಎಂದು ಮೇಲೆ ಹೋದರು. ಹಗ್ಗ ಬಿಗಿಯಾಗೇ ಇದೆ. ಬೇಗ ಉತ್ತರ ಬರೆ ಅಮ್ಮ.