ಪರೆಯಲ್ಲ, ಪರದೆ

ಹ್ಯಾಂಡ್‌ಪೋಸ್ಟ್
12-2-2025, ಬುಧವಾರ ಸಂಜೆ

ಸೌಂದರ್ಯಳ ಅಪ್ಪನವರಿಗೆ, ನಿಮ್ಮ ವಾಣಿಶ್ರೀ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಒಂದು ಹಾಳೆ ಹರಿದು ಹಾಕಿದೆ. ಸುಳ್ಳು ಹೇಗೆ ಬರೆಯಲಿ? ಗಾಬರಿಯಾಗಬೇಡಿ, ಸೌಂದರ್ಯ ಚೆನ್ನಾಗಿದ್ದಾಳೆ, ಓದಿಕೊಳ್ಳುತ್ತಿದ್ದಾಳೆ. ಸ್ಟುಡಿಯೋಗೆ ಬೀಗ ಹಾಕಿದ್ದೇನೆ, ಎರಡು ಸಲ ಎಳೆದು ನೋಡಿದ್ದೇನೆ. ಕ್ಷೇಮವಿಲ್ಲದಿರುವುದು ನಿಮ್ಮ ಬಲಗಣ್ಣು. ದಮ್ಮಯ್ಯ ಅಂತೀನಿ, ಈ ಪತ್ರ ಕೈಗೆ ಬಂದ ಕೂಡಲೇ ಕ್ಯಾಮೆರಾ ಕೆಳಗಿಡಿ. ಮೇಲೆ ಯಾವ ವಿಮಾನ ಬರುತ್ತಿದ್ದರೂ ಬರಲಿ. ಕೆಳಗಿಟ್ಟು ಆಮೇಲೆ ಮುಂದಕ್ಕೆ ಓದಿ.

ನಿಮ್ಮ ನಂಬರಿಗೆ ಬೆಳಗಿನಿಂದ ಮಾಡುತ್ತಲೇ ಇದ್ದೇನೆ, ಸ್ವಿಚ್ ಆಫ್. ಅದು ನನ್ನ ಕಾಟಕ್ಕೇ ಎಂದು ಗೊತ್ತು. ಹಿಂದಿನ ಏರ್ ಶೋನಲ್ಲಿ ಎರಡು ವಿಮಾನ ಎದುರುಬದುರು ಬಂದು ಒಂದನ್ನೊಂದು ದಾಟುವ ಹೊತ್ತಿಗೆ ಸರಿಯಾಗಿ ನಿಮ್ಮ ಜೇಬಿನಲ್ಲಿ ಫೋನು ನಡುಗಿತು, ಕೈಯೂ ನಡುಗಿತು, ಫೋಟೋ ಹೋಯಿತು. ನಾನು ಫೋನ್ ಮಾಡಿದ್ದು ತಿಂಡಿ ಆಯಿತಾ ಎಂದು ಕೇಳಲು. ಅದಕ್ಕೇ ಈ ಸಲ ನೀವು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಅಂದಿರಿ: 'ಸುಕ್ರುವಾರದ್ ಗಂಟ ಫೋನ್ ಆಫ್ ಕಣೆ. ನಾನೇನಾರ ಸತ್ರೆ ಪೊಲೀಸ್ನೋರೇ ತಿಳಿಸ್ತಾರೆ, ನೀನು ಸುಮ್ಕಿರು.' ಅಂಥ ಮಾತು ಬಾಗಿಲಲ್ಲಿ ಆಡಬಾರದು ಎಂದು ನಾನು ಅತ್ತೆ. ನೀವು ನಕ್ಕು ಬಸ್ಸು ಹತ್ತಿದಿರಿ.

ಹಂಪಾಪುರದ ಕಿರಣ್‌ಕುಮಾರ್ ನಾಳೆ ಬೆಳಗಿನ ಬಸ್ಸಿಗೆ ಯಲಹಂಕಕ್ಕೆ ಬರುತ್ತಾನಲ್ಲ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಪಾಸ್ ಇಲ್ಲದವರೆಲ್ಲ ನಿಂತು ಫೋಟೋ ತೆಗೆಯುವ ಆ ಮನೆಯ ತಾರಸಿ ಅವನಿಗೆ ಗೊತ್ತಂತೆ. ಬಾಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಅವನು ಮದುವೆ ವಿಡಿಯೋ ತೆಗೆಯುತ್ತಲೇ ಹೆಣ್ಣಿನ ಕಡೆಯವರನ್ನೆಲ್ಲ ನಗಿಸುವವನು, ಅವನು ಹೇಳಿದರೆ ತಮಾಷೆ ಅಂದುಕೊಳ್ಳುತ್ತೀರಿ. ಇಲ್ಲವೇ ನಾನು ಹೇಳಿಕೊಟ್ಟು ಕಳಿಸಿದ್ದು ಅನ್ನುತ್ತೀರಿ. ಏಳನೇ ಕ್ಲಾಸಿಗೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಡೆದದ್ದು ಇಷ್ಟು. ಇವತ್ತು ಮಧ್ಯಾಹ್ನ ಮೈಸೂರಿನ ಕಣ್ಣಾಸ್ಪತ್ರೆಯಿಂದ ಫೋನ್ ಬಂತು. ಹೋದ ವಾರ ನಿಮ್ಮ ಕಣ್ಣಿಗೆ ಡ್ರಾಪ್ಸ್ ಹಾಕಿದರಲ್ಲ, ಆ ಕೇರಳದ ಸಿಸ್ಟರ್. 'ಯಾಕಮ್ಮ ಬರಲಿಲ್ಲ, ಡಾಕ್ಟ್ರು ದಿನಾ ಕೇಳ್ತಾರೆ' ಅಂದರು. ನಾನು ಧೈರ್ಯವಾಗಿ, 'ಏರ್ ಶೋ ಮುಗುಸ್ಕೊಂಡು ಬತ್ತಾರೆ ಮೇಡಮ್, ಪರೆ ತಾನೆ, ಅದೇನು ಓಡೋಗ್ತದಾ?' ಅಂದೆ. ಸಿಸ್ಟರ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: 'ಪರೆ ಅಲ್ಲ ಅಮ್ಮ. ಪರದೆ. ಪ, ರ, ದೆ.'

ಅವತ್ತೂ ಅವರು ಪರದೆ ಎಂದೇ ಹೇಳಿದ್ದರಂತೆ. ಪರದೆ ಹರಿದಿದೆ, ನಾಳೆಯೇ ಬನ್ನಿ ಎಂದು. ನೀವು ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಿರಿ, ಒಳಗೆ ನಿಂತು ಕೇಳಿಸಿಕೊಂಡವಳು ನಾನು. ಅವರ ಕನ್ನಡ ಅವರದು, ನನ್ನ ಕಿವಿ ನನ್ನದು. ನಮ್ಮ ಕಡೆ ಕಣ್ಣಿಗೆ ಬರುವುದು ಒಂದೇ, ಪರೆ, ಪೊರೆ ಅನ್ನುತ್ತಾರಲ್ಲ ಅದು. ಚಿಕ್ಕಬೀರಮ್ಮತ್ತೆಗೆ ಬಂದು ವರ್ಷಗಟ್ಟಲೆ ಹಾಗೇ ಇತ್ತು, ಆಮೇಲೆ ಕ್ಯಾಂಪಿನಲ್ಲಿ ತೆಗೆಸಿಕೊಂಡು ಬಂದು ಅಕ್ಕಿಯಲ್ಲಿ ಕಲ್ಲು ಆರಿಸಿದರು. ಅದನ್ನೇ ನೆನೆದು ನಾನು ಹೊರಗೆ ಬಂದು, 'ಪರೆ ಅಂತೆ ಕಣ್ರೀ, ಬೇಗ ತೆಗೆಸ್ಬೇಕಂತೆ' ಅಂದೆ. 'ಏರ್ ಶೋ ಮುಗೀಲಿ' ಅಂದಿರಿ. 'ಆಗ್ಲಿ ಬುಡಿ, ಪರೆ ತಾನೆ' ಅಂದೆ.

ನೋಡಿ, ನಾನು ಹೆದರದೆ ಇದ್ದದ್ದು ಅದೊಂದೇ ಸಲ. ತಾರಸಿಯಿಂದ ಬೀಳುತ್ತೀರಿ ಎಂದು ಹೆದರಿದೆ, ವಿಮಾನವೇ ತಾರಸಿ ಮೇಲೆ ಬೀಳುತ್ತದೆ ಎಂದು ಹೆದರಿದೆ, ಬಿಸಿಲು ಬಡಿಯುತ್ತದೆ, ಹೊರಗಿನ ಊಟ ಆಗುವುದಿಲ್ಲ, ಬಸ್ಸಿನಲ್ಲಿ ಲೆನ್ಸು ಕದಿಯುತ್ತಾರೆ ಎಂದೆಲ್ಲ ಹೆದರಿ ನಿಮ್ಮ ಪ್ರಾಣ ತಿಂದೆ. ಹೆದರಲೇಬೇಕಾದ ಕಡೆ ಮಾತ್ರ, ಗೊತ್ತಿರುವ ಪದ ಕೇಳಿಸಿತಲ್ಲ ಎಂದು ನಿಶ್ಚಿಂತೆಯಾಗಿ ಬಂದುಬಿಟ್ಟೆ. ಅವತ್ತು ಬಸ್ಸಿನಲ್ಲಿ ನಿಮ್ಮ ಹೆಗಲ ಮೇಲೆ ನಿದ್ದೆ ಕೂಡ ಮಾಡಿದೆನಲ್ಲ.

ಸಿಸ್ಟರ್ ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಸಿನಿಮಾ ಟಾಕೀಸಿನಲ್ಲಿ ಇರುವಂತೆ ಕಣ್ಣಿನೊಳಗೆ ಹಿಂಬದಿಗೆ ಒಂದು ಪರದೆ ಇದೆಯಂತೆ. ನೋಡಿದ್ದೆಲ್ಲ ಅದರ ಮೇಲೆ ಬೀಳುವುದು. ನಿಮ್ಮದು ಒಂದು ಮೂಲೆಯಲ್ಲಿ ಹರಿದು, ನೀರು ಒಳಗೆ ಹೋಗಿ, ಗೋಡೆಯಿಂದ ಬಿಡುತ್ತಾ ಬಂದಿರಬಹುದಂತೆ. ಬದಿ ಮಾತ್ರ ಬಿಟ್ಟಿದ್ದರೆ ಅಂಟಿಸಬಹುದು. ನಡುಭಾಗ ಬಿಟ್ಟುಹೋದರೆ ಆಮೇಲೆ ಎಷ್ಟು ದೊಡ್ಡ ಆಪರೇಷನ್ ಮಾಡಿದರೂ ಹಳೆಯ ನೋಟ ಬರುವುದಿಲ್ಲ. ನೋವು ಇರುವುದಿಲ್ಲವಂತೆ. ನೋವಿಲ್ಲ ಎಂದು ಸುಮ್ಮನಿರಬೇಡಿ, ನೋವಿಲ್ಲದಿರುವುದೇ ಅದರ ಮೋಸ.

ಕಪ್ಪು ಚುಕ್ಕೆ ಕಾಣುತ್ತಿವೆ ಎಂದು ಲೆನ್ಸು ಒರೆಸಿದ್ದೇ ಒರೆಸಿದ್ದಲ್ಲವಾ ನೀವು? ಬ್ಲೋಯರ್ ಒತ್ತಿ ಒತ್ತಿ ಒಳಗಿನ ಧೂಳು ಊದಿದಿರಿ. ಮೈಸೂರಿನ ರಿಪೇರಿಯವನು, 'ಸಾರ್, ಕ್ಯಾಮೆರಾ ಕ್ಲೀನಾಗೇ ಅದೆ, ಇನ್ನೇನ್ ತೊಳೀಲಿ?' ಎಂದು ವಾಪಸ್ ಕಳಿಸಿದ. ಆ ಚುಕ್ಕೆಗಳೆಲ್ಲ ಕಣ್ಣಿನೊಳಗೇ ಇದ್ದವಂತೆ. ಪಕ್ಕದಲ್ಲಿ ಮಿಂಚಿದ ಹಾಗಾಗುತ್ತದೆ ಎಂದಿರಲ್ಲ, ಅದೂ ಅದೇ.

ಏರ್ ಶೋನಲ್ಲಿದ್ದಾರೆ ಎಂದ ಕೂಡಲೇ ಅವರು, 'ಏನು ಮಾಡ್ತಾರೆ ಅಲ್ಲಿ?' ಅಂದರು. ಉದ್ದ ಲೆನ್ಸು ಎತ್ತಿ ಹಿಡಿದು, ವಿಮಾನ ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಾರೆ ಎಂದೆ. 'ಅಯ್ಯೋ ದೇವರೇ' ಅಂದರು. ಆಸ್ಪತ್ರೆಯವರ ಬಾಯಲ್ಲಿ ಆ ಮಾತು ಬಂದರೆ ನನ್ನಂಥವಳ ಗತಿ ಏನು ಹೇಳಿ. ಭಾರ ಎತ್ತಬಾರದು, ತಲೆ ಜೋರಾಗಿ ಅಲುಗಿಸಬಾರದು, ಮೈಸೂರಿಗೇ ಬರಬೇಕೆಂದಿಲ್ಲ, ಬೆಂಗಳೂರಿನಲ್ಲೇ ದೊಡ್ಡ ಕಣ್ಣಾಸ್ಪತ್ರೆಗೆ ಈಗಲೇ ಹೋಗಲಿ, ಪರದೆ ಡಾಕ್ಟರ್ ಇರುವ ಕಡೆಗೆ ಹೋಗಲಿ ಎಂದರು. ತೀರಾ ತಡವೆಂದರೆ ನಾಳೆಯಂತೆ.

ನಿಮಗೆ ವಿಮಾನ ಏನೆಂದು ನನಗೆ ಗೊತ್ತಿಲ್ಲವೆಂದಲ್ಲ. ಊರವರು ಆಡಿಕೊಳ್ಳುತ್ತಾರೆ. ನಿನ್ನೆ ಬಸ್ಸಿನ ಕಂಡಕ್ಟರ್ ಕೂಡ, 'ಏನಕ್ಕಾ, ಚೆಲುವಣ್ಣ ಎಷ್ಟು ಇಮಾನ ಹೊಡುದ್ ಬೀಳುಸ್ತಂತೆ?' ಎಂದು ಕೇಳಿದ. ಸಿದ್ದಮಲ್ಲಪ್ಪನವರ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮೇಲೆ ಸದ್ದಾಯಿತು ಎಂದು ನೀವು ಕ್ಯಾಮೆರಾ ಆಕಾಶಕ್ಕೆ ತಿರುಗಿಸಿದಾಗ ಅವರು, 'ಅಲ್ಲಾ ಕಣಯ್ಯ, ಧಾರೆ ಇಲ್ಲಿ ಆಯ್ತಾ ಅದೆ. ಮ್ಯಾಲೆ ಯಾರ ಮದ್ವೆ ನೋಡ್ತಿದ್ದೀಯೆ?' ಎಂದದ್ದನ್ನು ಇವತ್ತಿಗೂ ಹೇಳಿ ನಗುತ್ತಾರೆ. ನಾನು ನಗುವುದಿಲ್ಲ. ದಸರೆಯ ಏರ್ ಶೋಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಿರಿ. ಕೆಂಪು ಬಿಳಿ ವಿಮಾನಗಳು ಹೊಗೆ ಬಿಡುತ್ತಾ ನೆತ್ತಿ ಮೇಲೆ ಹೋದಾಗ ನೀವು ಅವನ್ನು ಬಿಟ್ಟು ನನ್ನ ಮುಖದ ಫೋಟೋ ತೆಗೆದಿರಿ. ಅದೊಂದು ಫೋಟೋದಲ್ಲಿ ಮಾತ್ರ ನನ್ನ ಹಣೆಯಲ್ಲಿ ಗಂಟಿಲ್ಲ. ಅಂಥದ್ದನ್ನು ಕಂಡ ಕಣ್ಣು ರೀ ಅದು. ಅದನ್ನು ನನ್ನ ಕಿವಿಯ ತಪ್ಪಿಗೆ ಕಳೆದುಕೊಳ್ಳಬೇಡಿ.

ನಾನೇ ಹೊರಟು ಬರೋಣವೆಂದರೆ ಸೌಂದರ್ಯಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತು. ನನಗೋ ಮೈಸೂರು ಬಸ್ ಸ್ಟ್ಯಾಂಡು ದಾಟಿದರೆ ದಿಕ್ಕು ತಿಳಿಯದು. ಅಷ್ಟು ಜನದ ನಡುವೆ ನಿಂತು ಅಳುತ್ತೇನೆ, ನಿಮಗೆ ಅವಮಾನ. ಅದಕ್ಕೇ ಬರೆದೆ. ಬರೆಯುವಾಗ ಅಳು ಬಂದರೆ ಪೆನ್ನು ಇಟ್ಟು ಕಣ್ಣೊರೆಸಿಕೊಂಡು ಮತ್ತೆ ಬರೆಯಬಹುದು.

ಈಗ ಕ್ಯಾಮೆರಾ ಬ್ಯಾಗನ್ನು ಕಿರಣ್‌ಕುಮಾರನ ಹೆಗಲಿಗೆ ಕೊಟ್ಟು ಆಸ್ಪತ್ರೆಗೆ ಹೊರಡಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಬೈಯುವುದಿದ್ದರೆ ಮನೆಗೆ ಬಂದು, ನನ್ನ ಮುಖ ನೋಡಿಕೊಂಡು ಬೈಯಿರಿ.

ಇತಿ, ನಿಮ್ಮವಳೇ ಆದ
ವಾಣಿಶ್ರೀ

ತಾ.ಕ.: ಪತ್ರ ಮಡಚಿ ಕಿರಣ್‌ಕುಮಾರನಿಗೆ ಕೊಡಲು ಹೋದೆ. ತಾರಸಿಯಲ್ಲಿ ನಿಮ್ಮ ಜೊತೆಗಿರುವ ತುಮಕೂರಿನ ಫೋಟೋಗ್ರಾಫರ್ ಈಗ ತಾನೇ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ್ದರಂತೆ, ಕಿರಣ್‌ಕುಮಾರ್ ತೋರಿಸಿದ. ನೀವೆಲ್ಲ ಸಾಲಾಗಿ ನಿಂತಿದ್ದೀರಿ. ನಿಮ್ಮ ಕ್ಯಾಮೆರಾ ಎಡಗಣ್ಣಿಗಿದೆ. ಮದುವೆಯಾದಾಗಿನಿಂದ ನೋಡಿದ್ದೇನೆ, ನೀವು ಎಡಗಣ್ಣಿಗೆ ಕ್ಯಾಮೆರಾ ಹಿಡಿದವರಲ್ಲ. ಬಲಗಣ್ಣಿಗೆ ಕತ್ತಲಾಗಿರುವುದು ನಿಮಗಾಗಲೇ ಗೊತ್ತು. ಕಿರಣ್‌ಕುಮಾರ್ ಕೂಡಲೇ ಆ ತುಮಕೂರಿನವರಿಗೆ ಫೋನ್ ಮಾಡಿ ವಿಷಯ ಹೇಳಿ, ನಿಮಗೆ ಕೊಡಿ ಎಂದ. ನೀವು ಫೋನು ಕೈಗೆ ತೆಗೆದುಕೊಳ್ಳಲಿಲ್ಲ. 'ಅವ್ಳು ಅಂಗೇಯ ಬುಡಿ, ಗಾಳಿ ಬೀಸುದ್ರೂ ಎದೆ ಹಿಡ್ಕತಾಳೆ. ಸುಕ್ರುವಾರ ಮುಗುಸ್ಕೊಂಡೇ ಬತ್ತೀನಿ' ಎಂದು ನಕ್ಕಿರಿ. ಅದು ನನಗೆ ಇಲ್ಲಿಯವರೆಗೆ ಕೇಳಿಸಿತು. ನಕ್ಕದ್ದಲ್ಲ ಅದು, ಹೆದರಿದ್ದು. ಹೆದರಿಕೆಯ ಸದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪತ್ರ ಕೊಟ್ಟರೆ ನೀವು ಜೇಬಿಗೆ ಹಾಕಿಕೊಂಡು ಮತ್ತೆ ಮೇಲೆ ನೋಡುತ್ತೀರಿ. ಅದಕ್ಕೆ ಕಿರಣ್‌ಕುಮಾರನ ಕೈಗೆ ಕೊಡಲಿಲ್ಲ. ಸೌಂದರ್ಯಳನ್ನು ದೊಡ್ಡಮ್ಮನ ಮನೆಗೆ ಬಿಟ್ಟಿದ್ದೇನೆ. ಬೆಳಗಿನ ಬಸ್ಸಿಗೆ ನಾನೂ ಹತ್ತುತ್ತೇನೆ. ಮೆಟ್ಟಿಲು ಹತ್ತಿ ಬಂದಾಗ ಮೊದಲು ಅಳುತ್ತೇನೆ, ಆಮೇಲೆ ಕೈ ಹಿಡಿದು ಇಳಿಸಿಕೊಂಡು ಹೋಗುತ್ತೇನೆ. ಆಸ್ಪತ್ರೆಯ ದಾರಿಯಲ್ಲಿ ಆಟೋದಲ್ಲಿ ಎರಡೂ ಕಣ್ಣು ಮುಚ್ಚಿಕೊಂಡು ಕೂತುಕೊಳ್ಳಿ. ಇದನ್ನು ನೀವು ಓದಬೇಕಾಗಿಲ್ಲ, ನಾನೇ ಓದಿ ಹೇಳುತ್ತೇನೆ.