ಅವಳ ಕಾಲುಗಳ ಬಗ್ಗೆ ನೀನು ಕೇಳಿದ್ದು

ಜೂನ್ ೮, ಭಾನುವಾರ

ಪ್ರೀತಿಯ ಪಟಾಕಿ,

ನಿನ್ನ ಪತ್ರ, ಮಗಳ ಸ್ಕ್ಯಾನು, ಪರೀಕ್ಷೆಯ ವರದಿಗಳು ಎಲ್ಲ ಕೈಸೇರಿ ಬಹಳ ದಿನವಾಯಿತು. ಕೆಲಸದ ಒತ್ತಡ ಎಂದು ಬರೆದರೆ ನೀನು ನಂಬುವವಳಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳಿಗೆ ನನ್ನ ನೆಪಗಳೆಲ್ಲ ಬಾಯಿಪಾಠ. ಬರೆಯಲು ಕೂತಾಗಲೆಲ್ಲ ಪೆನ್ನು ಮುಂದೆ ಹೋಗಲಿಲ್ಲ. ಕ್ಷಮಿಸು. ನಿನ್ನ ಮಂಡಿನೋವು ಹೇಗಿದೆ? ನನ್ನ ಕನ್ನಡಕ ಇನ್ನಷ್ಟು ದಪ್ಪವಾಗಿದೆ.

ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲೇ ನನ್ನ ತಲೆ ನರೆಯಿತು. ಆದರೂ "ಇವ್ರು ನಡೀತಾರಾ ಡಾಕ್ಟ್ರೇ?" ಎಂದು ಮನೆಯವರು ಕೇಳಿದರೆ ಇವತ್ತಿಗೂ ಮೊದಲು ಕನ್ನಡಕ ತೆಗೆದು ಒರೆಸುತ್ತೇನೆ. ಉತ್ತರಕ್ಕೊಂದು ಲೆಕ್ಕವೇನೋ ಇದೆ. ವಯಸ್ಸೆಷ್ಟು, ತೊಡೆಯಲ್ಲಿ, ಮೀನಖಂಡದಲ್ಲಿ ಬಲವಿದೆಯೇ, ಹತ್ತಿ ಸೋಕಿಸಿದರೆ ಚರ್ಮಕ್ಕೆ ತಿಳಿಯುತ್ತದೆಯೇ ಎಂದು ನೋಡಿ, ವರ್ಷ ಕಳೆದ ಮೇಲೆ ನಡೆಯುವ ಸಾಧ್ಯತೆಯನ್ನು ಅಂದಾಜು ಮಾಡುತ್ತೇವೆ.

ಅದೂ ತಪ್ಪುತ್ತದೆ. ಏಣಿಯಿಂದ ಬಿದ್ದ ಪೇಂಟರ್ ಒಬ್ಬನಿಗೆ ನಾನೇ "ಕಷ್ಟ ಕಣಪ್ಪ" ಎಂದಿದ್ದೆ. ಹೋದ ತಿಂಗಳು ಸರಳು ಹಿಡಿದು ಎದ್ದು ನಿಂತು, "ಡಾಕ್ಟ್ರೇ, ನಿಮ್ ಲೆಕ್ಕ ಕೆಟ್ಟೋಯ್ತು, ಇನ್ನೊಂದ್ಸಲ ಹಾಕಿ!" ಎಂದ. ಅವನ ಹೆಂಡತಿ ಒಂದು ಕಡೆ ಅಳುತ್ತ, ಇನ್ನೊಂದು ಕಡೆ ಜಾರುತ್ತಿದ್ದ ಅವನ ಪೈಜಾಮ ಎಳೆದು ಕಟ್ಟಿದಳು. ವಾರ್ಡೆಲ್ಲ ನಕ್ಕಿತು.

ಇಷ್ಟು ಓದಿ ನಿನಗೆ ಆಸೆ ಚಿಗುರಿರುತ್ತದೆ. ಅದಕ್ಕೇ ಮುಂದಿನದನ್ನು ತಡಮಾಡದೆ ಹೇಳುತ್ತೇನೆ. ಅವನ ಹಿಮ್ಮಡಿಯಲ್ಲಿ ಸ್ಪರ್ಶ ಉಳಿದಿತ್ತು. ನಿನ್ನ ಮಗಳಿಗೆ ಸೊಂಟದ ಕೆಳಗೆ ಎಲ್ಲೂ ಉಳಿದಿಲ್ಲ. ಸೇತುವೆಯ ಸರ್ವೆಗೆ ಹೋಗಿ ಅವಳು ಬಿದ್ದ ದಿನದ ಪರೀಕ್ಷೆಯನ್ನು ನಾನು ನಂಬಿರಲಿಲ್ಲ. ಪೆಟ್ಟಿನ ಆಘಾತಕ್ಕೆ ಹುರಿ ಕೆಲವು ದಿನ ಮಂಕಾಗಿರುತ್ತದೆ, ಆಮೇಲೆ ಸ್ಪರ್ಶ ಮರಳುವುದೂ ಉಂಟು. ಆದರೆ ತಿಂಗಳುಗಳ ಮೇಲೆ ಮಾಡಿದ ಪರೀಕ್ಷೆಯೂ ಅದನ್ನೇ ಹೇಳುತ್ತಿದೆ. ಅವಳು ಮತ್ತೆ ನಡೆಯಲಾರಳು, ಪಟಾಕಿ. ನೂರಕ್ಕೆ ನೂರು ಎಂದು ಯಾವ ಡಾಕ್ಟರೂ ಹೇಳುವಂತಿಲ್ಲ. ಆದರೆ ಉಳಿದ ಆ ಚೂರನ್ನೇ ನೆಚ್ಚಿಕೊಂಡು ಕೂರಬೇಡ.

ತೋಳುಗಳು ಪೂರ್ತಿ ಅವಳವೇ. ಅಭ್ಯಾಸವಾದರೆ ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಹೊರಳುತ್ತಾಳೆ, ಕೈಯಲ್ಲೇ ನಡೆಸುವ ಕಾರು ಓಡಿಸುತ್ತಾಳೆ, ಆಫೀಸಿನಲ್ಲಿ ಕೂತು ನಕ್ಷೆ ಬರೆಯುತ್ತಾಳೆ, ನಿನ್ನ ಮೇಲೆ ರೇಗುತ್ತಾಳೆ. ರೇಗಲಿ ಬಿಡು, ಒಳ್ಳೆಯದು. ಬಚ್ಚಲಿನ ಬಾಗಿಲು ಅಗಲ ಮಾಡಿಸು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿರಲಿ. ಕಾಲು ಬರಿಸುತ್ತೇವೆ ಎನ್ನುವವರು ಮನೆ ಬಾಗಿಲಿಗೆ ಬಂದರೆ ಒಳಗೆ ಕರೆಯಬೇಡ.

ಅಳು ಬಂದರೆ ಅತ್ತುಬಿಡು. ನನ್ನ ಮೇಲೆ ಸಿಟ್ಟು ಬಂದರೆ ಫೋನ್ ಮಾಡಿ ಬೈದುಬಿಡು. ರಜೆ ಸಿಕ್ಕ ಕೂಡಲೇ ಬರುತ್ತೇನೆ. ನಿಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ತಾಳಿಕೊಳ್ಳುವ ಶಕ್ತಿ ಸಿಗಲಿ. ಈ ಚಿಕ್ಕಮ್ಮನ ಪರವಾಗಿ ಅವಳ ತಲೆ ಸವರು.

ನಿನ್ನ
ಸೋಡಾಬುಡ್ಡಿ

ತಾ.ಕ.: ಇದನ್ನು ಮುಚ್ಚಿಡಲಾರೆ. ಹೋದ ವಾರ ಅವಳೇ ಫೋನ್ ಮಾಡಿದ್ದಳು. ನೇರವಾಗಿ ಕೇಳಿದಳು, ನಾನೂ ನೇರವಾಗಿ ಹೇಳಿದೆ. ಆಮೇಲೆ, "ನಂಗೆ ಗೊತ್ತಿತ್ತು ಚಿಕ್ಕಮ್ಮ. ಅಮ್ಮಂಗೆ ನಾನೇ ಹೇಳ್ಬೇಕು ಅಂತ ದಿನಾ ಅಂದ್ಕೋತೀನಿ, ಬಾಯೇ ಬರಲ್ಲ. ಬೆಳಿಗ್ಗೆ ಕಣ್ಣು ಬಿಟ್ರೆ ನನ್ನ ಬೂಟು ತೊಡೆ ಮೇಲಿಟ್ಕೊಂಡು ಒರೆಸ್ತಾ ಕೂತಿರ್ತಾಳೆ. ನೀವೇ ಬರೀರಿ" ಎಂದಳು.